ತಂತಿ ಹಾದ ದಾರಿ: ಪವನ ವಿದ್ಯುತ್ತು ಮತ್ತು ವನ್ಯಜೀವಿ



1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿ ಮಾರ್ಗಗಳಲ್ಲಿ ಅದೂ ಒಂದು. ಅದಾದ ಆರು ವರ್ಷಕ್ಕೆ, 1908ರಲ್ಲಿ, ಮೈಸೂರು ನಗರಕ್ಕೆ ವಿದ್ಯುತ್ ದೀಪ ಬಂತು. ಈ ಕಥೆ ಹೇಳುವಾಗಲೆಲ್ಲ ನಾವು ಜಲಪಾತವನ್ನು, ಯಂತ್ರಾಗಾರವನ್ನು, ದಿವಾನರ ದೂರದೃಷ್ಟಿಯನ್ನು ಹೊಗಳುತ್ತೇವೆ. ನಡುವೆ ಹಾದುಹೋದ ತಂತಿಯ ಮಾತು ಎತ್ತುವುದು ಕಡಿಮೆ. ವಿದ್ಯುತ್ತು ಎಲ್ಲಿ ಹುಟ್ಟಿತು, ಎಲ್ಲಿ ಬೆಳಗಿತು ಎಂಬೆರಡೇ ನಮಗೆ ಮುಖ್ಯವೆನಿಸಿವೆ. ಇವೆರಡರ ನಡುವಿನ ನೂರಾರು ಕಿಲೋಮೀಟರನ್ನು ನಾವು ಖಾಲಿ ಜಾಗವೆಂದೇ ಎಣಿಸಿದ್ದೇವೆ. ಆನೆಗೂ ಹಕ್ಕಿಗೂ ಅದು ಖಾಲಿ ಜಾಗವಲ್ಲ.

ಪವನ ವಿದ್ಯುತ್ತು ವನ್ಯಜೀವಿಗಳಿಗೆ ಏನು ಮಾಡುತ್ತದೆ ಎಂದು ಕೇಳಿದರೆ ಎಲ್ಲರ ಕಣ್ಣಿಗೂ ಮೊದಲು ಕಟ್ಟುವುದು ಗಿರಗಿರನೆ ತಿರುಗುವ ಫ್ಯಾನು, ಅದಕ್ಕೆ ಬಡಿದು ಬೀಳುವ ಹಕ್ಕಿ. ಅದು ಸುಳ್ಳಲ್ಲ. ಆದರೆ ಕಳೆದ ಎರಡು ಮೂರು ದಶಕಗಳ ಸಂಶೋಧನೆ ಓದಿದವನಾಗಿ ನನ್ನ ತೀರ್ಮಾನ ಬೇರೆ. ಬಡಿದು ಸಾಯುವುದು ಹಾನಿಯ ಚಿಕ್ಕ ಪಾಲು; ಎಣಿಕೆಗೆ ಸುಲಭವಾಗಿ ಸಿಗುವ ಪಾಲಾದ್ದರಿಂದ ದೊಡ್ಡದಾಗಿ ಕಾಣುತ್ತದೆ. ದೊಡ್ಡ ಪಾಲು ಎರಡು ಕಡೆ ಅಡಗಿದೆ: ಯಂತ್ರದಿಂದ ಊರಿಗೆ ಬರುವ ತಂತಿಯಲ್ಲಿ ಮತ್ತು ಯಂತ್ರ ನಿಂತ ಮೇಲೆ ಸದ್ದಿಲ್ಲದೆ ಜಾಗ ಬಿಟ್ಟು ಹೋಗುವ ಪ್ರಾಣಿಗಳಲ್ಲಿ. ಎರಡನ್ನೂ ನಿರ್ಧರಿಸುವುದು ಒಂದೇ ಸಂಗತಿ: ಯಾವ ಜಾಗದಲ್ಲಿ ನೆಡುತ್ತೇವೆ, ಯಾವ ದಾರಿಯಲ್ಲಿ ಎಳೆಯುತ್ತೇವೆ ಎಂಬುದು. ಅಲ್ಲಿಯೇ ನಮ್ಮ ಕಾನೂನು ಮೌನವಾಗಿದೆ.

ಮೊದಲು ತಂತಿಯನ್ನು ನೋಡೋಣ. ತಂತಿಯ ಮೇಲೆ ಸಾಲಾಗಿ ಕುಳಿತ ಗುಬ್ಬಿ, ಪಾರಿವಾಳಗಳಿಗೆ ಏನೂ ಆಗುವುದಿಲ್ಲ. ಒಂದೇ ತಂತಿಯನ್ನು ಹಿಡಿದಿರುವ ತನಕ ದೇಹದ ಮೂಲಕ ವಿದ್ಯುತ್ತು ಹರಿಯಲು ದಾರಿಯಿಲ್ಲ. ಎರಡು ತಂತಿಗಳನ್ನೋ, ತಂತಿ ಮತ್ತು ಭೂಮಿಗೆ ಜೋಡಿಸಿದ ಕಬ್ಬಿಣದ ಅಡ್ಡಪಟ್ಟಿಯನ್ನೋ ಒಟ್ಟಿಗೆ ಮುಟ್ಟಿದರೆ ಸಾವು. ಆದ್ದರಿಂದ ಅಪಾಯ ಇರುವುದು ದೇಹ ದೊಡ್ಡದಿರುವ ಜೀವಿಗೆ, ಅಂತರ ಕಿರಿದಿರುವ ತಂತಿಯಲ್ಲಿ. ಆಕಾಶದೆತ್ತರದ ಹೈಟೆನ್ಷನ್ ಗೋಪುರಗಳಲ್ಲಿ ತಂತಿಗಳ ನಡುವೆ ಹಲವು ಮೀಟರ್ ಅಂತರವಿರುತ್ತದೆ. ಅಲ್ಲಿ ಶಾಕ್ ಹೊಡೆದು ಸಾಯುವ ಹಕ್ಕಿ ಅಪರೂಪ. ನಮ್ಮ ಹೊಲದ ಪಂಪ್‌ಸೆಟ್ಟಿಗೆ ಬರುವ 11 ಕೆವಿ ತಂತಿಯಲ್ಲಿ ಅಂತರ ಕಿರಿದು. ಕಂಬದ ಮೇಲೆ ಕೂತ ಹದ್ದು ರೆಕ್ಕೆ ಬಿಚ್ಚಿದಾಗ, ಆಲದ ಮರದಿಂದ ಹೊರಟ ದೊಡ್ಡ ಬಾವಲಿ ತಂತಿಗೆ ನೇತುಬಿದ್ದಾಗ, ಕೋತಿ ಒಂದು ತಂತಿ ಹಿಡಿದು ಇನ್ನೊಂದಕ್ಕೆ ಕೈ ಚಾಚಿದಾಗ ಕಥೆ ಮುಗಿಯುತ್ತದೆ. ಸುಟ್ಟು ನೇತಾಡುವ ಬಾವಲಿಯನ್ನು ಮೈಸೂರಿನ ಸಾಲುಮರದ ರಸ್ತೆಗಳಲ್ಲಿ ಕಾಣದವರು ವಿರಳ.

ಆನೆಯದು ಇನ್ನೂ ಘೋರವಾದ ಲೆಕ್ಕ. ಕೇಂದ್ರ ಪರಿಸರ ಸಚಿವಾಲಯ ಮಾಹಿತಿ ಹಕ್ಕಿನಡಿ ಕೊಟ್ಟ ಅಂಕಿಗಳ ಪ್ರಕಾರ 2009-10ರಿಂದ 2020-21ರವರೆಗೆ ದೇಶದಲ್ಲಿ ಅಸಹಜವಾಗಿ ಸತ್ತ 1,160 ಆನೆಗಳಲ್ಲಿ 741 ಸತ್ತದ್ದು ವಿದ್ಯುತ್ ತಗುಲಿ. ರೈಲಿಗೆ ಸಿಕ್ಕಿ 186, ಬೇಟೆಗೆ ಬಲಿಯಾಗಿ 169, ವಿಷಪ್ರಾಶನದಿಂದ 64. ದಂತಚೋರರ ಬಗ್ಗೆ ನಾವು ಸಿನಿಮಾ ಮಾಡಿದ್ದೇವೆ, ಕಾದಂಬರಿ ಬರೆದಿದ್ದೇವೆ. ಅವರಿಗಿಂತ ನಾಲ್ಕು ಪಟ್ಟು ಹೆಚ್ಚು ಆನೆಗಳನ್ನು ಕೊಂದ ತಂತಿ ಮಾತ್ರ ಯಾರ ಕಥೆಯಲ್ಲೂ ಖಳನಾಯಕನಾಗಲಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳ ಅಂದಾಜು 6,395. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ಅವುಗಳಲ್ಲಿ ಬಹುಪಾಲು ಇರುವುದು ಮೈಸೂರಿನ ಸುತ್ತಲ ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕೊಡಗಿನ ಕಾಡುಗಳಲ್ಲಿ.

ಈ ಸಾವುಗಳು ಎರಡು ಬಗೆಯವು. ಒಂದೇ ಹಗ್ಗದಲ್ಲಿ ಕಟ್ಟಬಾರದು. ಒಂದು, ಜೋತುಬಿದ್ದ ತಂತಿ. ಬಯಲಲ್ಲಿ ಹಾದುಹೋಗುವ 11 ಕೆವಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರವಿರಬೇಕೆಂಬುದು ಹಳೆಯ ನಿಯಮ. ಅದನ್ನು ಬರೆಯುವಾಗ ಮನಸ್ಸಿನಲ್ಲಿದ್ದದ್ದು ಹುಲ್ಲಿನ ಗಾಡಿ, ಲಾರಿ, ಸೊಂಡಿಲೆತ್ತಿದ ಸಲಗವಲ್ಲ. ಕಂಬ ವಾಲಿ, ತಂತಿ ಸಡಿಲವಾದರೆ ಆ ಅಳತೆಯೂ ಉಳಿಯುವುದಿಲ್ಲ. ಇನ್ನೊಂದು, ಬೇಲಿಗೆ ನೇರವಾಗಿ ಹರಿಸಿದ ಕರೆಂಟು. ಸೋಲಾರ್ ಬೇಲಿ ಕೊಲ್ಲುವುದಿಲ್ಲ. ಅದರಲ್ಲಿ ಹರಿಯುವುದು ಕ್ಷಣಮಾತ್ರದ ಮಿಡಿತ, ವೋಲ್ಟೇಜು ಹೆಚ್ಚಿದ್ದರೂ ಶಕ್ತಿ ಅತ್ಯಲ್ಪ. ಮುಖ್ಯ ಲೈನಿಗೆ ಕೊಕ್ಕೆ ಹಾಕಿ ಬೇಲಿಗೆ ಎಳೆದರೆ ಅದು ಆನೆಯನ್ನೂ ಕೊಲ್ಲುತ್ತದೆ, ಎಮ್ಮೆಯನ್ನೂ ಕೊಲ್ಲುತ್ತದೆ, ಬೆಳಗಿನ ಜಾವ ಹೊಲಕ್ಕೆ ಬಂದ ರೈತನ ಮಗನನ್ನೂ ಕೊಲ್ಲುತ್ತದೆ. ಇದನ್ನು ಅಪರಾಧವೆಂದು ಶಿಕ್ಷಿಸುವುದು ಸರಿ. ಹಾಗೆಂದು ಎಚ್.ಡಿ. ಕೋಟೆಯ, ಹುಣಸೂರಿನ ಕಾಡಂಚಿನಲ್ಲಿ ಒಂದೇ ರಾತ್ರಿ ವರ್ಷದ ಬೆಳೆ ಕಳೆದುಕೊಂಡವನ ಸಂಕಟವನ್ನು ಊರಿನಲ್ಲಿ ಕುಳಿತ ನಾವು ಹಗುರವಾಗಿ ಕಾಣಬಾರದು.

ಇವೆರಡೂ ಕೂಡಿದರೆ ಏನಾಗುತ್ತದೆಂಬುದನ್ನು ಮೈಸೂರು ನೋಡಿದೆ. ದಸರಾ ಮೆರವಣಿಗೆಯಲ್ಲಿ ನಡೆದಿದ್ದ ಅಶ್ವತ್ಥಾಮನೆಂಬ ಆನೆ 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಆನೆ ಶಿಬಿರದ ಬಳಿ ಪ್ರಾಣ ಬಿಟ್ಟಿತು. ವಿದ್ಯುತ್ ತಂತಿ ಸೋಲಾರ್ ಬೇಲಿಯ ಮೇಲೆ ಬಿದ್ದು, ಕೊಲ್ಲದ ಬೇಲಿ ಕೊಲ್ಲುವ ಬೇಲಿಯಾಗಿತ್ತು. ಆನೆಗಳ ಇಂಥ ಸಾವನ್ನು ಕರ್ನಾಟಕ ಹೈಕೋರ್ಟು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಹೆಸರಿದ್ದ ಆನೆ, ಮಾವುತನಿದ್ದ ಆನೆ ಸತ್ತದ್ದರಿಂದ ಸುದ್ದಿಯಾಯಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ತಂತಿಯ ಎರಡನೆಯ ಅಪಾಯ ಡಿಕ್ಕಿ. ಇಲ್ಲಿ ಲೆಕ್ಕ ತಿರುವುಮುರುವು. ಶಾಕ್ ವಿಷಯದಲ್ಲಿ ನಿರಪಾಯವಾದ ಎತ್ತರದ ಮಾರ್ಗವೇ ಡಿಕ್ಕಿಯಲ್ಲಿ ಮಾರಕ. ಗೋಪುರಗಳ ನೆತ್ತಿಯ ಮೇಲೆ ಸಿಡಿಲಿನಿಂದ ಕಾಪಾಡಲು ಒಂದು ತೆಳು ತಂತಿ ಹಾದಿರುತ್ತದೆ. ಹಾರಿ ಬರುವ ಹಕ್ಕಿಗೆ ಕೆಳಗಿನ ದಪ್ಪ ತಂತಿಗಳು ಕಾಣುತ್ತವೆ; ತಪ್ಪಿಸಿಕೊಳ್ಳಲು ಮೇಲೇಳುತ್ತದೆ; ಮೇಲಿನ ತೆಳು ತಂತಿಗೆ ಬಡಿಯುತ್ತದೆ. ಮಂಜು ಕವಿದ ಮುಂಜಾವಿನಲ್ಲಿ, ಸಂಜೆಯ ಮಬ್ಬಿನಲ್ಲಿ ಇದು ಹೆಚ್ಚು. ಮೈಭಾರ ಹೆಚ್ಚಿದ್ದು ರೆಕ್ಕೆ ಕಿರಿದಾದ ಹಕ್ಕಿಗಳು ಗಾಳಿಯಲ್ಲಿ ಥಟ್ಟನೆ ತಿರುಗಲಾರವು. ಹಿಮಾಲಯವನ್ನು ದಾಟಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೆನೆಯಿರಿ; ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳೂ ಅಲ್ಲಿ ಕಂಡಿವೆ. ಅವು ರಾತ್ರಿ ಗದ್ದೆಗಳಲ್ಲಿ ಮೇಯುತ್ತವೆ, ನಸುಕಿನಲ್ಲಿ ಕೆರೆಗೆ ಮರಳುತ್ತವೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಊರಿನ ಮರದಲ್ಲಿ ಗೂಡು ಕಟ್ಟಿ, ದೂರದ ಕೆರೆಗಳಿಗೆ ದಿನವೂ ಹೋಗಿಬರುತ್ತವೆ. ಕೆರೆಯನ್ನು ಕಾಪಾಡಿದೆವು, ಮರವನ್ನು ಕಾಪಾಡಿದೆವು ಎಂದು ನಾವು ಸಮಾಧಾನಪಡುವಾಗ ಆ ಎರಡರ ನಡುವಿನ ಆಕಾಶವನ್ನು ಯಾವ ಗಡಿರೇಖೆಯೂ ಕಾಯುವುದಿಲ್ಲ.

ಡಿಕ್ಕಿಯ ಚರ್ಚೆಯನ್ನು ಇಡೀ ದೇಶದ ಮುಂದೆ ಇಟ್ಟ ಹಕ್ಕಿ ಎರ್ಲಡ್ಡು. ನಮ್ಮ ಕೆಲವು ಕಡೆ ದೊರವಾಯನ ಹಕ್ಕಿ ಎನ್ನುತ್ತಾರೆ. ಗಂಡು ಹದಿನೈದು ಕಿಲೋ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನದು. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಇತ್ತು, ಈಗ ಇಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿದೆ. ಕರ್ನಾಟಕದಲ್ಲಿ ಅದನ್ನು ಅಳಿಸಿದ್ದು ಮುಖ್ಯವಾಗಿ ಬೇಟೆ ಮತ್ತು ಬದಲಾದ ಬೇಸಾಯ. ರಾಜಸ್ಥಾನದಲ್ಲಿ ಉಳಿದವುಗಳನ್ನು ಈಗ ಕೊಲ್ಲುತ್ತಿರುವುದು ತಂತಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ ಥಾರ್ ಮರುಭೂಮಿಯ ಸುಮಾರು 4,200 ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 84,000 ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ. ಎರ್ಲಡ್ಡುಗಳ ಪಾಲು ಅದರಲ್ಲಿ ವರ್ಷಕ್ಕೆ ಹದಿನೆಂಟರ ಆಸುಪಾಸು. ದೇಶದಲ್ಲಿ ಉಳಿದಿರುವುದೇ ನೂರೈವತ್ತರ ಒಳಗೆ ಎಂದಾಗ, ವರ್ಷಕ್ಕೊಂದೇ ಮೊಟ್ಟೆ ಇಡುವ ಹಕ್ಕಿಗೆ ಹದಿನೆಂಟು ಎಂದರೆ ಏನೆಂದು ವಿವರಿಸಬೇಕಿಲ್ಲ.

ಇಲ್ಲೊಂದು ತತ್ತ್ವವಿದೆ. ಬೆಕ್ಕು ಕೊಲ್ಲುವ ಹಕ್ಕಿಗಳು, ಕಾರಿಗೆ, ಗಾಜಿನ ಕಟ್ಟಡಕ್ಕೆ ಬಡಿಯುವ ಹಕ್ಕಿಗಳು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಪವನ ಉದ್ಯಮದ ವಕಾಲತ್ತು ವಹಿಸಿದವರು ಹೇಳುತ್ತಾರೆ. ಒಟ್ಟು ಸಂಖ್ಯೆಯಲ್ಲಿ ಅದು ನಿಜ. ಆದರೆ ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡುವ ಗುಬ್ಬಿಯ ಸಾವನ್ನೂ ನಾಲ್ಕೈದು ವರ್ಷ ತುಂಬಿದ ಮೇಲೆ ವರ್ಷಕ್ಕೊಂದು ಮೊಟ್ಟೆ ಇಡುವ ರಣಹದ್ದಿನ ಸಾವನ್ನೂ ಒಂದೇ ಖಾನೆಯಲ್ಲಿ ಬರೆಯುವುದು ವಿಜ್ಞಾನವಲ್ಲ. ಮರಿ ಕಡಿಮೆ, ಆಯುಸ್ಸು ಹೆಚ್ಚು ಇರುವ ಜೀವಿಗಳು ಬದುಕುಳಿಯುವುದು ಪ್ರೌಢ ಜೀವಿಗಳು ಸಾಯದಿರುವುದರಿಂದ. ತಂತಿಯೂ ಫ್ಯಾನೂ ಆರಿಸಿ ಕೊಲ್ಲುವುದು ಅವುಗಳನ್ನೇ.

ಈಗ ಫ್ಯಾನುಗಳ ಕಡೆ ಬರೋಣ. ಕರ್ನಾಟಕ ಪವನ ವಿದ್ಯುತ್ತಿನಲ್ಲಿ ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. ಸ್ಥಾಪಿತ ಸಾಮರ್ಥ್ಯ 5,000 ಮೆಗಾವಾಟ್ ದಾಟಿ ಮುಂದೆ ಹೋಗಿದೆ. ಚಿತ್ರದುರ್ಗ, ಗದಗ, ವಿಜಯನಗರ, ಬೆಳಗಾವಿಯ ಬೆಟ್ಟದ ಸಾಲುಗಳೂ ಬಯಲುಗಳೂ ಇದರ ನೆಲೆ. ಮೈಸೂರಿನ ಮನೆಯಲ್ಲಿ ಸ್ವಿಚ್ಚು ಒತ್ತುವವರಿಗೂ ಆ ವಿದ್ಯುತ್ತಿನ ಪಾಲಿದೆ. ಗ್ರಿಡ್ಡಿಗೆ ಸೇರಿದ ಮೇಲೆ ಇದು ಗದಗಿನದು, ಇದು ಶಿವನಸಮುದ್ರದ್ದು ಎಂದು ಬೇರ್ಪಡಿಸಲಾಗದು.

ಫ್ಯಾನಿನ ಕೆಳಗೆ ಬಿದ್ದ ಹಕ್ಕಿಗಳನ್ನು ಎಣಿಸುವುದು ಕೇಳಲು ಸುಲಭ, ಮಾಡಲು ಕಷ್ಟ. ಸತ್ತ ಬಾವಲಿ ಹುಲ್ಲಿನ ನಡುವೆ ಬಿದ್ದರೆ ಹುಡುಕುವವನ ಕಣ್ಣಿಗೆ ಬೀಳದೆ ಹೋಗಬಹುದು. ಬೆಳಗಾಗುವಷ್ಟರಲ್ಲಿ ನರಿ, ನಾಯಿ, ಕಾಗೆಗಳು ಎತ್ತಿಕೊಂಡು ಹೋಗಿರಬಹುದು. ಗಾಯಗೊಂಡ ಹಕ್ಕಿ ದೂರ ಹಾರಿ ಸತ್ತಿರಬಹುದು. ಆದ್ದರಿಂದ ಒಳ್ಳೆಯ ಅಧ್ಯಯನಕಾರರು ಮೊದಲೇ ಕೆಲವು ಶವಗಳನ್ನು ಗುಟ್ಟಾಗಿ ಇಟ್ಟು, ಎಷ್ಟು ಕಣ್ಮರೆಯಾಗುತ್ತವೆ, ಹುಡುಕುವವರಿಗೆ ಎಷ್ಟು ಸಿಗುತ್ತವೆ ಎಂದು ಪರೀಕ್ಷಿಸಿ, ಆ ಪ್ರಮಾಣದಿಂದ ಎಣಿಕೆಯನ್ನು ತಿದ್ದುತ್ತಾರೆ. ಈ ತಿದ್ದುಪಡಿಯಿಲ್ಲದೆ ಕಾವಲುಗಾರ ಹೇಳಿದ ಅಂಕಿಯನ್ನೇ ವರದಿಯಲ್ಲಿ ಬರೆದರೆ ಅದು ಲೆಕ್ಕವಲ್ಲ, ಸಮಾಧಾನಪತ್ರ.

ಸರಿಯಾಗಿ ಎಣಿಸಿದರೂ ಉತ್ತರ ಅರ್ಧವೇ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ತಂಡ ಕರ್ನಾಟಕದಲ್ಲಿ ವರ್ಷಗಳಿಂದ ತಿರುಗುತ್ತಿರುವ ಪವನ ಕ್ಷೇತ್ರಗಳನ್ನು ಅಧ್ಯಯನ ಮಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಫ್ಯಾನುಗಳಿರುವ ಜಾಗದಲ್ಲಿ ಹಕ್ಕಿಗಳ ಜಾತಿವೈವಿಧ್ಯವೂ ಸಂಖ್ಯೆಯೂ ಫ್ಯಾನಿಲ್ಲದ ಅಂಥದೇ ಜಾಗಕ್ಕಿಂತ ಕಡಿಮೆ. ಕೃಷ್ಣಮೃಗ, ಚಿಂಕಾರ, ನರಿ, ಕಾಡುಬೆಕ್ಕುಗಳು ಫ್ಯಾನಿನ ಹತ್ತಿರದ ನೆಲವನ್ನು ಬಳಸುವ ಸಾಧ್ಯತೆಯೂ ಕಡಿಮೆ. ಇವು ಯಾವುವೂ ರೆಕ್ಕೆಗೆ ಬಡಿದು ಸಾಯುವ ಪ್ರಾಣಿಗಳಲ್ಲ. ಶವ ಎಣಿಸುವವನ ಪುಸ್ತಕದಲ್ಲಿ ಇವಕ್ಕೆ ಜಾಗವೇ ಇಲ್ಲ.

ಇನ್ನೂ ಆಳಕ್ಕೆ ಹೋದ ಅಧ್ಯಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರದು. ನಡೆದದ್ದು ಪಶ್ಚಿಮ ಘಟ್ಟದಲ್ಲೇ, ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ, ಪ್ರಕಟವಾದದ್ದು 2018ರಲ್ಲಿ. ಫ್ಯಾನುಗಳಿರುವ ಭಾಗದಲ್ಲಿ ಬೇಟೆಗಾರ ಹಕ್ಕಿಗಳು ಫ್ಯಾನಿಲ್ಲದ ಭಾಗಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಕಡಿಮೆ ಇದ್ದವು. ಗಿಡುಗ ಕಡಿಮೆಯಾದಲ್ಲಿ ಅದರ ಆಹಾರವಾದ, ಕೊರಳಲ್ಲಿ ಬಣ್ಣದ ಬೀಸಣಿಗೆ ಬಿಚ್ಚುವ ಪುಟ್ಟ ಓತಿಗಳು ಹೆಚ್ಚಿದ್ದವು. ಇಷ್ಟಕ್ಕೇ ನಿಂತಿದ್ದರೆ ಓತಿಗೆ ಒಳ್ಳೆಯದಾಯಿತು ಎನ್ನಬಹುದಿತ್ತು. ಸಂಶೋಧಕರು ಓತಿಗಳ ರಕ್ತ ಪರೀಕ್ಷಿಸಿದರು: ಒತ್ತಡದ ಹಾರ್ಮೋನು ಕಡಿಮೆ. ಹತ್ತಿರ ನಡೆದು ನೋಡಿದರು: ಮನುಷ್ಯ ಎಷ್ಟೋ ಸಮೀಪ ಬಂದ ಮೇಲೆ ಓಡುತ್ತವೆ. ತೂಗಿದರು: ಮೈ ಸೊರಗಿದೆ, ಏಕೆಂದರೆ ಅದೇ ಹುಳುಗಳಿಗೆ ಬಾಯಿ ಹೆಚ್ಚಾಗಿದೆ. ಗಂಡು ಓತಿಗಳ ಕೊರಳಿನ ಬಣ್ಣವೂ ಮಂಕಾಗಿತ್ತು. ಹೆದರಿಕೆ ಎಂಬುದೂ ಒಂದು ಪರಿಸರ ಶಕ್ತಿ. ಗಿಡುಗದ ನೆರಳು ಸರಿಯುತ್ತಿದ್ದಂತೆ ಕೆಳಗಿನವರ ದೇಹ, ನಡತೆ, ಬಣ್ಣ ಎಲ್ಲವೂ ಬದಲಾಗುತ್ತವೆ. ಆಹಾರಸರಪಳಿಯ ನೆತ್ತಿಯಲ್ಲಿ ಇನ್ನೊಂದು ಬೇಟೆಗಾರ ಬಂದಂತೆ ಫ್ಯಾನು ವರ್ತಿಸುತ್ತಿದೆ ಎಂಬುದು ಅವರ ಅರ್ಥವಿವರಣೆ. ಒಂದೂ ಹೆಣ ಬೀಳದೆ ಇಷ್ಟೂ ನಡೆಯಬಹುದು. ನಮ್ಮ ಗದಗಿನ ಕಪ್ಪತಗುಡ್ಡದ, ಚಿತ್ರದುರ್ಗದ ಜೋಗಿಮಟ್ಟಿಯ ನೆತ್ತಿಯಲ್ಲಿ ಇಂಥ ಅಧ್ಯಯನ ಹತ್ತು ಹದಿನೈದು ವರ್ಷ ನಡೆಯಬೇಕು, ಮತ್ತು ಹೊಸ ಫ್ಯಾನು ನೆಡುವ ಮೊದಲೇ ಆರಂಭವಾಗಬೇಕು. ನೆಟ್ಟ ಮೇಲೆ ಹೋದವನಿಗೆ ಮೊದಲು ಏನಿತ್ತೆಂದು ತಿಳಿಯುವ ದಾರಿಯಿಲ್ಲ. ಪಕ್ಕದ ಗುಡ್ಡದೊಡನೆ ಹೋಲಿಸಿ ಊಹಿಸಬೇಕಾಗುತ್ತದೆ.

ಹಾಗಾದರೆ ಪವನ ವಿದ್ಯುತ್ತು ಬೇಡವೆ? ಹಾಗೆ ಹೇಳುವ ಹಕ್ಕು ನನಗಿಲ್ಲ, ಮನಸ್ಸೂ ಇಲ್ಲ. ಕಲ್ಲಿದ್ದಲಿನ ಹೊಗೆ ಬಿಸಿಯೇರಿಸಿದ ಜಗತ್ತಿನಲ್ಲಿ ಹೆಜ್ಜಾರ್ಲೆಗೂ ನೆಮ್ಮದಿಯಿಲ್ಲ. ರಾಯಚೂರಿನ ಹಾರುಬೂದಿಯ ಎದುರು ಗದಗಿನ ಗಾಳಿ ಪುಣ್ಯವೇ. ಪ್ರಶ್ನೆ ಇರುವುದು ಎಲ್ಲಿ, ಹೇಗೆ ಎಂಬುದರಲ್ಲಿ.

ಹೇಗೆ ಎಂಬುದಕ್ಕೆ ಉತ್ತರಗಳು ಸಿಗತೊಡಗಿವೆ. ಗಾಳಿ ಮಂದವಾದ ರಾತ್ರಿಗಳಲ್ಲೇ ಬಾವಲಿಗಳು ಹೆಚ್ಚು ಸಾಯುತ್ತವೆ; ಆಗ ಯಂತ್ರ ತಿರುಗಲು ಆರಂಭಿಸುವ ಗಾಳಿವೇಗವನ್ನು ತುಸು ಏರಿಸಿದರೆ ಸಾಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೀಗೆ ಮಾಡಿ ಬಾವಲಿಗಳ ಸಾವನ್ನು ಶೇ. 44ರಿಂದ 93ರಷ್ಟು ತಗ್ಗಿಸಿದರು. ವರ್ಷದ ಉತ್ಪಾದನೆಯಲ್ಲಿ ನಷ್ಟ ಶೇ. 1ಕ್ಕಿಂತ ಕಡಿಮೆ. ಸ್ಪೇನಿನಲ್ಲಿ ರಣಹದ್ದು ಹತ್ತಿರ ಬಂದಾಗ ಆ ಯಂತ್ರವನ್ನಷ್ಟೇ ನಿಲ್ಲಿಸಿ ಸಾವನ್ನು ಅರ್ಧಕ್ಕೆ ಇಳಿಸಿದರು, ನಷ್ಟ ಶೇ. 0.07. ನಾರ್ವೆಯಲ್ಲಿ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಳಿದಾಗ ಹಕ್ಕಿಗಳ ಸಾವು ಶೇ. 70ಕ್ಕೂ ಹೆಚ್ಚು ಇಳಿಯಿತು. ಇದನ್ನು ನಮ್ಮ ಪತ್ರಿಕೆಗಳು ಬಹಳ ಮೆಚ್ಚಿದವು; ಕಪ್ಪು ಬಳಿದದ್ದು ನಾಲ್ಕೇ ಯಂತ್ರಗಳಿಗೆ ಎಂಬುದನ್ನು ಹೇಳಲು ಮರೆತವು. ನಮ್ಮಲ್ಲಿ ಇನ್ನೊಂದು ಅನುಕೂಲವಿದೆ. ಕರ್ನಾಟಕದ ಫ್ಯಾನುಗಳು ಭರ್ಜರಿಯಾಗಿ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕದ ಮುಂಗಾರಿನಲ್ಲಿ. ಉತ್ತರದಿಂದ ಹ್ಯಾರಿಯರ್ ಗಿಡುಗಗಳು ನಮ್ಮ ಹುಲ್ಲುಗಾವಲಿಗೆ ಬರುವುದು ಆಮೇಲೆ, ಚಳಿಗಾಲದಲ್ಲಿ. ಗಾಳಿ ಇಳಿದ ಆ ತಿಂಗಳುಗಳಲ್ಲಿ ದಿನದ ಕೆಲವು ತಾಸು ಆಯ್ದ ಯಂತ್ರಗಳನ್ನು ನಿಲ್ಲಿಸಿದರೆ ನಷ್ಟ ಅಲ್ಪ.

ತಂತಿಗೆ ಪರಿಹಾರ ಇಷ್ಟು ಸಲೀಸಲ್ಲ. ಹಕ್ಕಿಗಳಿಗೆ ಕಾಣಲೆಂದು ತಂತಿಗೆ ತೂಗುಬಿಡುವ ಬಿಲ್ಲೆಗಳನ್ನು ದಕ್ಷಿಣ ಆಫ್ರಿಕದ ಕರೂ ಬಯಲಿನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. ನೀಲಿ ಕ್ರೌಂಚಗಳ ಡಿಕ್ಕಿ ಶೇ. 92ರಷ್ಟು ಇಳಿಯಿತು, ಎರ್ಲಡ್ಡಿನ ಬಳಗದ ಹಕ್ಕಿಗಳಿಗೆ ಏನೂ ಉಪಯೋಗವಾಗಲಿಲ್ಲ. ಕಾರಣ ಅವುಗಳ ಕಣ್ಣಿನಲ್ಲಿದೆ: ಹಾರುತ್ತಾ ನೆಲ ನೋಡಲು ತಲೆ ಬಾಗಿಸಿದರೆ ಎದುರಿನ ದಾರಿಯೇ ಅವಕ್ಕೆ ಕಾಣದು. ಕಾಣದ ಹಕ್ಕಿಗೆ ಬಿಲ್ಲೆ ತೋರಿಸಿ ಫಲವೇನು? ಅಂಥ ಕಡೆ ಇರುವುದು ಎರಡೇ ದಾರಿ, ತಂತಿಯನ್ನು ನೆಲದಡಿ ಹೂಳುವುದು ಅಥವಾ ಬೇರೆ ಕಡೆ ಒಯ್ಯುವುದು. ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ ರಾಜಸ್ಥಾನ, ಗುಜರಾತಿನ ಎರ್ಲಡ್ಡು ಪ್ರದೇಶಗಳಲ್ಲಿ ತಂತಿ ಹೂಳಬೇಕೆಂದಿತು. 2024ರ ಮಾರ್ಚ್‌ನಲ್ಲಿ, ಇಡೀ ಪ್ರದೇಶಕ್ಕೆ ಅದು ಕಾರ್ಯಸಾಧ್ಯವಲ್ಲವೆಂದು ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಯಾವ ಪಕ್ಷವೂ ಪೂರ್ಣವಾಗಿ ತಪ್ಪಲ್ಲದ ವ್ಯಾಜ್ಯವದು. ತಂತಿ ಎಳೆದ ಮೇಲೆ ನ್ಯಾಯಾಲಯಕ್ಕೆ ಹೋದದ್ದರಿಂದ ಅದು ಅಷ್ಟು ದುಬಾರಿಯಾಯಿತು.

ಎಳೆಯುವ ಮೊದಲು ಕೇಳುವವರು ಯಾರು? 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಯೂ ಇಲ್ಲ, ವಿದ್ಯುತ್ ಪ್ರಸರಣ ಮಾರ್ಗವೂ ಇಲ್ಲ. ಅರಣ್ಯಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಭಯಾರಣ್ಯವಾದರೆ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಅದರಾಚೆಯ ಹುಲ್ಲುಗಾವಲು, ಕಾವಲು, ಕೆರೆಯಂಗಳಗಳನ್ನು ಕಂದಾಯ ದಾಖಲೆ ಪಾಳುಭೂಮಿ ಎನ್ನುತ್ತದೆ. ಕೃಷ್ಣಮೃಗ ಇರುವುದು ಅಲ್ಲೇ. ಕಪ್ಪತಗುಡ್ಡ ಅಭಯಾರಣ್ಯವಾದದ್ದು 2019ರಲ್ಲಿ. ಅಷ್ಟರಲ್ಲಿ ಫ್ಯಾನುಗಳೂ ಅವುಗಳಿಗೆ ಬೆಟ್ಟ ಸೀಳಿ ಮಾಡಿದ ರಸ್ತೆಗಳೂ ಅಲ್ಲಿದ್ದವು. ಮೈಸೂರಿನಿಂದಲೇ ಹೊರಟ ಉದಾಹರಣೆ ಬೇಕಾದರೆ ಮೈಸೂರು–ಕೋಳಿಕ್ಕೋಡು 400 ಕೆವಿ ಮಾರ್ಗವನ್ನು ನೋಡಿ. 400 ಕೆವಿ ಮಾರ್ಗಕ್ಕೆ ನಿಗದಿಯಾದ ಪಟ್ಟಿಯ ಅಗಲ 46 ಮೀಟರ್. ಕೊಡಗಿನ ಕಾಡು, ತೋಟಗಳ ನಡುವೆ ಆ ಪಟ್ಟಿಗಾಗಿ ಐವತ್ತು ಸಾವಿರಕ್ಕೂ ಹೆಚ್ಚು ಮರ ಉರುಳಿದವೆಂದು ವರದಿಯಾಯಿತು. ಕೊಡಗಿನವರು ಬೀದಿಗಿಳಿದರು, ಹೈಕೋರ್ಟಿಗೂ ಹೋದರು. ಮಾರ್ಗ ಗುರುತಿಸುವ ಹಂತದಲ್ಲೇ ಆನೆದಾರಿಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ್ದರೆ ಆ ವಾದ ಕಾಗದದಲ್ಲಿ ನಡೆಯುತ್ತಿತ್ತು, ಕಾಡಿನಲ್ಲಲ್ಲ.

ಸಭಿಕ ಮಿತ್ರರೆ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕೇಂದ್ರ ಕಚೇರಿ ಇರುವುದು ಈ ಮೈಸೂರಿನಲ್ಲೇ. ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗು, ಹಾಸನ ಎಂಬ ಅದರ ಐದು ಜಿಲ್ಲೆಗಳಲ್ಲಿ ನಾಡಿನ ದೊಡ್ಡ ಆನೆನೆಲೆಗಳೂ ಹೆಸರಾಂತ ಹಕ್ಕಿಧಾಮಗಳೂ ಇವೆ. ಆನೆ ನಡೆಯುವ ದಾರಿಯಲ್ಲಿ ಜೋತುಬಿದ್ದ ತಂತಿ ಯಾವ ಕಂಬದಿಂದ ಯಾವ ಕಂಬದ ತನಕ ಎಂಬುದು ಲೈನ್‌ಮನ್‌ಗೆ ಗೊತ್ತು. ಆನೆ ಯಾವ ತಿಂಗಳು ಅಲ್ಲಿ ದಾಟುತ್ತದೆಂಬುದು ಅರಣ್ಯ ವಾಚರ್‌ಗೆ ಗೊತ್ತು. ಈ ಎರಡು ತಿಳಿವಳಿಕೆಗಳನ್ನು ಒಂದೇ ಪಟ್ಟಿಯಲ್ಲಿ ಬರೆಸಿ, ಯಾವ ಪ್ರಾಣಿ ಯಾವ ಕಂಬದ ಬಳಿ ಸತ್ತಿತೆಂಬುದನ್ನೂ ಅದರಲ್ಲಿ ಸೇರಿಸಿ, ವರ್ಷಕ್ಕೊಮ್ಮೆ ಪ್ರಕಟಿಸಬೇಕು. ರಾಜ್ಯದ ಪ್ರತಿ ಪವನ ಕ್ಷೇತ್ರವೂ ಹಾಗೆಯೇ ಮಾಡಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ, ಕೇಳುವವರು ಬೇಕು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಈ ಮಳೆಗಾಲ ಮುಗಿಯುವುದರೊಳಗೆ ಮಾಹಿತಿ ಹಕ್ಕಿನಡಿ ಆ ಪಟ್ಟಿಗೆ ಅರ್ಜಿ ಹಾಕಬೇಕೆಂದು ಕೋರುತ್ತೇನೆ.